ಭಾರ ಎತ್ತುವುದು ಯಂತ್ರ, ಹೊರುವುದು ನೆಲ

ಕ್ರೇನ್ ತರಿಸುವಾಗ ಎಲ್ಲರೂ ಮೊದಲು ಕೇಳುವುದು "ಎಷ್ಟು ಟನ್ ಎತ್ತುತ್ತದೆ?" ಎಂದು. ಉದ್ದ ತೋಳಿನ ತುದಿಯ ಬುಟ್ಟಿಯಲ್ಲಿ ಜನರನ್ನು ಮೇಲೆತ್ತುವ ಬೂಮ್ ಲಿಫ್ಟ್ ಆದರೆ "ಎಷ್ಟು ಎತ್ತರಕ್ಕೆ ಹೋಗುತ್ತದೆ?" ಎಂದು. ಅದು ನಿಲ್ಲುವ ಜಾಗ ಅದನ್ನು ತಡೆಯುತ್ತದೆಯೇ ಎಂದು ಕೇಳುವವರು ಕಡಿಮೆ. ಕೆಲಸ ಮುಗಿದು ಯಂತ್ರ ಹೋದ ಮೇಲೆ ಅಂಗಳದಲ್ಲಿ ನಾಲ್ಕು ತಗ್ಗು, ಒಳಗೆ ಸೀಳು ಬಿಟ್ಟ ಟೈಲ್ಸ್, ಡಾಂಬರಿನ ಮೇಲೆ ಚಕ್ರ ತಿರುಚಿದ ಗಾಯ ಕಂಡಾಗ ಆ ಪ್ರಶ್ನೆ ನೆನಪಾಗುತ್ತದೆ.

ನೆಲ ಕೆಟ್ಟರೆ ರಿಪೇರಿ ಖರ್ಚು ಬರುತ್ತದೆ, ನಿಜ. ಅದಕ್ಕಿಂತ ದೊಡ್ಡ ಮಾತು ಇನ್ನೊಂದಿದೆ. ನೆಲ ಕುಸಿದರೆ ಯಂತ್ರ ವಾಲುತ್ತದೆ. ಮೇಲೆ ಬುಟ್ಟಿಯಲ್ಲಿ ಜನ ನಿಂತಿರುತ್ತಾರೆ, ಅಥವಾ ಕೊಕ್ಕೆಯಲ್ಲಿ ಟನ್‌ಗಟ್ಟಲೆ ಸಾಮಾನು ತೂಗುತ್ತಿರುತ್ತದೆ. ಹಾಗಾಗಿ ನೆಲ ಕಾಪಾಡುವುದನ್ನೂ ಜನರನ್ನು ಕಾಪಾಡುವುದನ್ನೂ ಬೇರೆ ಬೇರೆ ಕೆಲಸ ಅಂದುಕೊಳ್ಳಬಾರದು. ಎರಡಕ್ಕೂ ಲೆಕ್ಕ ಒಂದೇ.

"ಕೆಳಗೆ ಪ್ಲೈವುಡ್ ಹಾಕಿದ್ದೀವಲ್ಲ, ಏನೂ ಆಗಲ್ಲ" ಎಂಬ ಮಾತು ಕೆಲಸದ ಜಾಗದಲ್ಲಿ ಆಗಾಗ ಕೇಳಿಬರುತ್ತದೆ. ಇದರಲ್ಲಿ ಅರ್ಧ ಮಾತ್ರ ಸತ್ಯ. ಪ್ಲೈವುಡ್ ಆಗಲಿ, ಮರದ ತೊಲೆ ಆಗಲಿ, ಕಬ್ಬಿಣದ ಪ್ಲೇಟ್ ಆಗಲಿ, ಭಾರವನ್ನು ಹರಡುತ್ತದೆ ಅಷ್ಟೇ. ಒಂದು ಕೆಜಿಯನ್ನೂ ಕಡಿಮೆ ಮಾಡುವುದಿಲ್ಲ. ಆದ್ದರಿಂದ ಪ್ರತಿ ಸಲವೂ ಎರಡು ಪ್ರಶ್ನೆಗಳನ್ನು ಬೇರೆ ಬೇರೆಯಾಗಿ ಕೇಳಿಕೊಳ್ಳಬೇಕು. ಯಂತ್ರದ ಚಕ್ರ ಅಥವಾ ಕಾಲು ಊರುವ ಜಾಗದ ಮೇಲ್ಮೈ ಆ ಒತ್ತಡ ತಡೆಯುತ್ತದೆಯೇ? ಅದರ ಕೆಳಗಿರುವ ಮಣ್ಣೋ ಸ್ಲ್ಯಾಬೋ ಇಡೀ ಭಾರವನ್ನು ಹೊರುತ್ತದೆಯೇ? ಮೊದಲನೆಯದಕ್ಕೆ ಹೌದು ಅಂದರೆ ಎರಡನೆಯದಕ್ಕೂ ಹೌದು ಅಂತಲ್ಲ.

ಭಾರ ಒಂದೇ ಕಾಲಿಗೆ ಬರುತ್ತದೆ

ಲೆಕ್ಕ ಕಷ್ಟದ್ದಲ್ಲ. ಭಾರವನ್ನು ಅದು ಊರುವ ಜಾಗದ ಅಳತೆಯಿಂದ ಭಾಗಿಸಿದರೆ ಒತ್ತಡ ಸಿಗುತ್ತದೆ. ಕೆಸರಿನಲ್ಲಿ ಕಾಲಿಟ್ಟರೆ ಹೂತುಹೋಗುವವರು ಅಗಲದ ಹಲಗೆ ಹಾಕಿ ಅದರ ಮೇಲೆ ದಾಟುತ್ತಾರಲ್ಲ, ಅದೇ ಲೆಕ್ಕ. ಎಡವುವುದು "ಭಾರ ಎಷ್ಟು" ಎನ್ನುವ ಕಡೆಯೇ. ಕ್ರೇನಿಗೆ ನಿಲ್ಲುವಾಗ ಹೊರಚಾಚಿ ಊರುವ ನಾಲ್ಕು ಕಾಲು ಇದೆ, ಹಾಗಾಗಿ ಒಂದೊಂದಕ್ಕೆ ಭಾರದ ನಾಲ್ಕರಲ್ಲಿ ಒಂದು ಭಾಗ ಬರುತ್ತದೆ ಎಂದು ಸುಮಾರು ಜನ ಅಂದುಕೊಳ್ಳುತ್ತಾರೆ. ಆದರೆ ಬೂಮ್, ಅಂದರೆ ಕ್ರೇನಿನ ಉದ್ದ ತೋಳು, ಒಂದು ಮೂಲೆಯ ಕಡೆ ತಿರುಗಿದಾಗ ಭಾರದ ಬಹುಪಾಲು ಆ ಮೂಲೆಯ ಕಾಲಿನ ಮೇಲೆ ವಾಲುತ್ತದೆ. ಯಂತ್ರದ ತೂಕವನ್ನೂ ಎತ್ತುವ ಸಾಮಾನಿನ ತೂಕವನ್ನೂ ಕೂಡಿಸಿ, ಅದರ ಮುಕ್ಕಾಲು ಭಾಗ ಒಂದೇ ಕಾಲಿಗೆ ಬರಬಹುದು ಎಂದು ಹಿಡಿಯುವುದು ರೂಢಿಯ ಅಂದಾಜು. ನಿಖರವಾದ ಅಂಕಿ ಕ್ರೇನ್ ತಯಾರಕರ ಪಟ್ಟಿಯಲ್ಲೇ ಇರುತ್ತದೆ. ಅದು ಕೈಗೆ ಸಿಕ್ಕಿದರೆ ಅಂದಾಜು ಬೇಕಾಗಿಲ್ಲ.

ಒಂದು ಉದಾಹರಣೆ ನೋಡಿ. 24 ಟನ್ ತೂಕದ ಕ್ರೇನ್ 6 ಟನ್ ಸಾಮಾನು ಎತ್ತುತ್ತಿದೆ. ಒಟ್ಟು 30 ಟನ್. ಅದರ ಮುಕ್ಕಾಲು ಅಂದರೆ 22.5 ಟನ್. ಕಾಲಿನ ತುದಿಯ ಪಾದ ಅರ್ಧ ಮೀಟರ್ ಉದ್ದ, ಅರ್ಧ ಮೀಟರ್ ಅಗಲ ಇದೆ ಅಂದುಕೊಳ್ಳಿ. ಅಂದರೆ 0.25 ಚದರ ಮೀಟರ್. ಭಾಗಿಸಿದರೆ ಚದರ ಮೀಟರಿಗೆ 90 ಟನ್ ಒತ್ತಡ. ಮೆತ್ತನೆಯ ಜೇಡಿಮಣ್ಣು ನಿಭಾಯಿಸುವುದು ಚದರ ಮೀಟರಿಗೆ ಏಳೂವರೆ ಟನ್‌ಗಿಂತ ಕಡಿಮೆ. ಗಟ್ಟಿ ಜೇಡಿಮಣ್ಣು 15ರಿಂದ 30 ಟನ್. ಒತ್ತಾಗಿ ಕೂತ ಜಲ್ಲಿ ನೆಲವೂ 60 ಟನ್ ದಾಟಿದರೆ ಯೋಚಿಸುವಂತೆ ಮಾಡುತ್ತದೆ. ಹಾಗಾದರೆ ಬರಿ ಪಾದವನ್ನು ನೆಲಕ್ಕೆ ಊರುವ ಮಾತೇ ಇಲ್ಲ, ಅಲ್ವಾ? ಅದೇ ಪಾದದ ಕೆಳಗೆ ಒಂದೂವರೆ ಮೀಟರ್ ಉದ್ದ, ಅಷ್ಟೇ ಅಗಲದ ಗಟ್ಟಿ ಮ್ಯಾಟ್, ಅಂದರೆ ಭಾರ ಹರಡುವ ದಪ್ಪ ಹಲಗೆ, ಹಾಕಿದರೆ ಜಾಗ 2.25 ಚದರ ಮೀಟರ್ ಆಗುತ್ತದೆ. ಒತ್ತಡ 10 ಟನ್‌ಗೆ ಇಳಿಯುತ್ತದೆ. ಗಟ್ಟಿ ಜೇಡಿಮಣ್ಣು ಇದನ್ನು ತಡೆಯುತ್ತದೆ. ಮೆತ್ತನೆಯದು ಆಗಲೂ ತಡೆಯುವುದಿಲ್ಲ.

ಫೋರ್ಕ್‌ಲಿಫ್ಟ್‌ನ ಕಥೆಯೂ ಹೀಗೇ. ಎರಡೂವರೆ ಟನ್ ಎತ್ತುವ ಫೋರ್ಕ್‌ಲಿಫ್ಟ್ ತಾನೇ ಸುಮಾರು 4 ಟನ್ ತೂಗುತ್ತದೆ. ಸಮತೋಲಕ್ಕೆಂದು ಹಿಂದೆ ಕೂರಿಸಿದ ಭಾರ, ಅಂದರೆ ಕೌಂಟರ್‌ವೇಟ್, ಇಲ್ಲದಿದ್ದರೆ ಅದು ಮುಂದಕ್ಕೆ ಮಗುಚುತ್ತದೆ. ತುಂಬು ಭಾರ ಎತ್ತಿದಾಗ ಒಟ್ಟು ಆರೂವರೆ ಟನ್‌ನಲ್ಲಿ ಶೇಕಡ 85ಕ್ಕೂ ಜಾಸ್ತಿ ಮುಂದಿನ ಎರಡು ಚಕ್ರಗಳ ಮೇಲೆ ಕೂರುತ್ತದೆ. ಒಂದೊಂದು ಚಕ್ರಕ್ಕೆ ಹತ್ತಿರ ಹತ್ತಿರ 2.8 ಟನ್. "ಎರಡೂವರೆ ಟನ್ ಗಾಡಿ" ಎಂದು ಕರೆದು ಕರೆದು ಈ ಆರೂವರೆ ಮರೆತೇಹೋಗುತ್ತದೆ.

ಒಳಾಂಗಣದಲ್ಲಿ ಹೆಚ್ಚಾಗಿ ಓಡಾಡುವುದು ಸಿಸರ್ ಲಿಫ್ಟ್, ಅಂದರೆ ಕತ್ತರಿಯಂತೆ ಮಡಚುವ ಕಾಲುಗಳ ಮೇಲೆ ನೇರವಾಗಿ ಏರುವ ಅಟ್ಟಣೆ. ನೋಡಲು ಚಿಕ್ಕದು, ಬಾಗಿಲಿನಲ್ಲಿ ನುಗ್ಗುತ್ತದೆ. ತೂಕ ಮಾತ್ರ ಒಂದೂವರೆ ಟನ್ ಆಸುಪಾಸು. ಚಕ್ರಗಳು ಚಿಕ್ಕವು, ಗಟ್ಟಿ ರಬ್ಬರಿನವು. ನೆಲಕ್ಕೆ ತಾಗುವ ಜಾಗ ಅಂಗೈಗಿಂತ ಚಿಕ್ಕದು. ಒಂದು ಚಕ್ರಕ್ಕೆ ಹೆಚ್ಚೆಂದರೆ ಎಷ್ಟು ಭಾರ ಬರುತ್ತದೆ ಎನ್ನುವುದನ್ನು ಯಂತ್ರದ ಮೇಲಿನ ಫಲಕದಲ್ಲೋ ಜೊತೆಗೆ ಬರುವ ಪುಸ್ತಕದಲ್ಲೋ ಬರೆದಿರುತ್ತಾರೆ. ಅದು 650 ಕೆಜಿ, ತಾಗುವ ಜಾಗ 50 ಚದರ ಸೆಂಟಿಮೀಟರ್ ಎಂದಿಟ್ಟುಕೊಳ್ಳಿ. ಒಂದು ಚದರ ಸೆಂಟಿಮೀಟರಿಗೆ 13 ಕೆಜಿ. ಒಳ್ಳೆಯ ಕಾಂಕ್ರೀಟ್ ಅದೇ ಒಂದು ಚದರ ಸೆಂಟಿಮೀಟರಿನಲ್ಲಿ 250 ಕೆಜಿಗೂ ಜಗ್ಗುವುದಿಲ್ಲ. ಹಾಗಿದ್ದೂ ಟೈಲ್ಸ್ ಒಡೆಯುತ್ತದೆ, ಸ್ಲ್ಯಾಬ್ ಬಿರುಕು ಬಿಡುತ್ತದೆ. ಯಾಕೆ ಅಂದರೆ ನೆಲ ಸಾಮಾನ್ಯವಾಗಿ ಅಪ್ಪಚ್ಚಿಯಾಗಿ ಕೆಡುವುದಿಲ್ಲ, ಬಾಗಿ ಕೆಡುತ್ತದೆ.

ಇದೊಂದನ್ನು ಸರಿಯಾಗಿ ಹಿಡಿದುಕೊಂಡರೆ ಉಳಿದದ್ದೆಲ್ಲ ಸಲೀಸು. ಕಾಂಕ್ರೀಟನ್ನು ಒತ್ತಿದರೆ ಅದು ಬಲಶಾಲಿ. ಎಳೆದರೆ ಅದರ ಬಲ ಹತ್ತನೇ ಒಂದು ಭಾಗ. ಚಕ್ರ ಒತ್ತಿದಾಗ ಸ್ಲ್ಯಾಬು ಕೂದಲೆಳೆಯಷ್ಟು ಬಾಗುತ್ತದೆ. ಬಾಗಿದಾಗ ಅದರ ಕೆಳಮೈ ಎಳೆತಕ್ಕೆ ಸಿಗುತ್ತದೆ, ಬಿರುಕು ಶುರುವಾಗುವುದು ಅಲ್ಲಿಂದ. ಸ್ಲ್ಯಾಬಿನ ನಡುವೆ ಭಾರ ಬಿದ್ದರೆ ಸುತ್ತಲ ಕಾಂಕ್ರೀಟ್ ಕೈಜೋಡಿಸುತ್ತದೆ. ಅಂಚಿನಲ್ಲಿ ಬಿದ್ದರೆ ಒಂದು ಕಡೆ ಆಸರೆ ಇಲ್ಲ. ಮೂಲೆಯಲ್ಲಿ ಎರಡು ಕಡೆ ಇಲ್ಲ. ಅದಕ್ಕೇ ಯಂತ್ರದ ಕಾಲನ್ನು ಸ್ಲ್ಯಾಬಿನ ಮೂಲೆಗೋ ಎರಡು ಸ್ಲ್ಯಾಬು ಸೇರುವ ಜಾಯಿಂಟ್ ಪಕ್ಕಕ್ಕೋ ಊರಲೇಬಾರದು. ಒಂದು ಮೀಟರ್ ಒಳಗೆ ಸರಿಸಿದರೂ ಪರಿಸ್ಥಿತಿ ಬೇರೆಯೇ ಆಗುತ್ತದೆ.

ಕಣ್ಣಿಗೆ ಕಾಣದ್ದು

ಮೇಲೆ ಅಚ್ಚುಕಟ್ಟಾದ ಕಾಂಕ್ರೀಟ್ ಕಂಡರೆ ಧೈರ್ಯ ಬರುತ್ತದೆ. ಅದರ ಕೆಳಗೆ ಏನಿದೆ? ನೀರಿನ ಸಂಪು, ಸೆಪ್ಟಿಕ್ ಟ್ಯಾಂಕ್, ಒಳಚರಂಡಿ ಪೈಪು, ಕೇಬಲ್ ಹಾಕಿ ಮುಚ್ಚಿದ ಕಾಲುವೆ, ನೆಲಮಾಳಿಗೆಯ ಚಾವಣಿ. ಇವೆಲ್ಲ ಕಣ್ಣಿಗೆ ಕಾಣದ ಟೊಳ್ಳು. ಹಿಂದೆ ಅಗೆದು ಮಣ್ಣು ತುಂಬಿದ ಜಾಗ ಇನ್ನೂ ಮೋಸ ಮಾಡುತ್ತದೆ. ಸರಿಯಾಗಿ ಧಮ್ಮಸ್ ಮಾಡದ ಮಣ್ಣು ವರ್ಷಗಟ್ಟಲೆ ಕುಸಿಯುತ್ತಲೇ ಇರುತ್ತದೆ, ಮೇಲಿನ ಹಾಸು ಮಾತ್ರ ನಡುವೆ ಸೇತುವೆಯಂತೆ ನಿಂತಿರುತ್ತದೆ. ನಡೆದಾಡುವವರ ಭಾರಕ್ಕೆ ಅದು ನಿಲ್ಲುತ್ತದೆ. ಕ್ರೇನಿನ ಕಾಲಿಗೆ ನಿಲ್ಲುವುದಿಲ್ಲ.

ಹಾಗಾಗಿ ಕಟ್ಟಡದ ನಕ್ಷೆ ಸಿಕ್ಕಿದರೆ ಮೊದಲು ಅದನ್ನು ಬಿಡಿಸಿ ನೋಡಬೇಕು. ಸಿಗದಿದ್ದರೆ ಕಣ್ಣೇ ಗತಿ. ಮ್ಯಾನ್‌ಹೋಲ್ ಮುಚ್ಚಳಗಳನ್ನು ಹುಡುಕಿ, ಒಂದರಿಂದ ಇನ್ನೊಂದಕ್ಕೆ ಸೀಮೆಸುಣ್ಣದಲ್ಲಿ ಗೆರೆ ಎಳೆದರೆ ಒಳಚರಂಡಿಯ ದಾರಿ ಸುಮಾರಾಗಿ ಗೊತ್ತಾಗುತ್ತದೆ. ಡಾಂಬರಿನಲ್ಲಿ ಉದ್ದಕ್ಕೆ ಬೇರೆ ಬಣ್ಣದ ಪಟ್ಟಿ ಕಂಡರೆ ಅಲ್ಲಿ ಅಗೆದಿದ್ದಾರೆ ಎಂದೇ ಅರ್ಥ. ಆ ಜಾಗದಲ್ಲಿ ಎಷ್ಟೋ ವರ್ಷ ಇದ್ದವರನ್ನು ಒಂದು ಮಾತು ಕೇಳುವುದು ನನ್ನ ಪ್ರಕಾರ ಎಲ್ಲಕ್ಕಿಂತ ಒಳ್ಳೆಯದು. ಹಳೆಯ ಸಂಪನ್ನು ಎಲ್ಲಿ ಮುಚ್ಚಿದ್ದಾರೆ ಎಂದು ಯಾವ ನಕ್ಷೆಯಲ್ಲೂ ಇರುವುದಿಲ್ಲ, ಅವರಿಗೆ ನೆನಪಿರುತ್ತದೆ.

ಮ್ಯಾಟ್ ಮೇಲಿನ ಭಾರ ಮಣ್ಣಿನಲ್ಲಿ ಇಳಿಯುತ್ತಾ ಅಗಲವಾಗುತ್ತದೆ. ಎರಡು ಅಳತೆ ಕೆಳಗಿಳಿದರೆ ಪ್ರತಿ ಬದಿಗೂ ಒಂದು ಅಳತೆ ಹರಡುತ್ತದೆ ಎಂದು ಲೆಕ್ಕ ಹಿಡಿಯಬಹುದು. ನಮ್ಮ ಒಂದೂವರೆ ಮೀಟರ್ ಮ್ಯಾಟಿನ ಭಾರ ಒಂದು ಮೀಟರ್ ಆಳದಲ್ಲಿ ಎರಡೂವರೆ ಮೀಟರ್ ಚೌಕಕ್ಕೆ ಹರಡುತ್ತದೆ. ಅಲ್ಲಿ ಪೈಪ್ ಇದ್ದರೆ ಅದಕ್ಕೆ ತಾಗುವುದು ಚದರ ಮೀಟರಿಗೆ 3.6 ಟನ್. ಮೇಲಿನ 10ಕ್ಕಿಂತ ಕಡಿಮೆ, ಆದರೆ ಸೊನ್ನೆ ಅಲ್ಲ. ಅದೇ ಪೈಪ್ ಅರ್ಧ ಮೀಟರ್ ಆಳದಲ್ಲಿದ್ದರೆ ಭಾರ ಇನ್ನೂ ಜಾಸ್ತಿ ತಾಗುತ್ತದೆ. ತೆರೆದ ಗುಂಡಿ ಅಥವಾ ತಡೆಗೋಡೆ ಹತ್ತಿರ ಇದ್ದರೆ ಈ ಹರಡುವ ಭಾರ ಅದರ ಬದಿಯನ್ನು ಹೊರಕ್ಕೆ ದೂಡುತ್ತದೆ. ಗಟ್ಟಿ ಮಣ್ಣಾದರೂ ಗುಂಡಿ ಎಷ್ಟು ಆಳವೋ ಕನಿಷ್ಠ ಅಷ್ಟು ದೂರ ಇರಬೇಕು. ಸಡಿಲ ಮಣ್ಣಾದರೆ ಅದರ ಎರಡರಷ್ಟು.

ಇನ್ನು ಮಹಡಿಯ ಮೇಲಿನ ಸ್ಲ್ಯಾಬು. ಪ್ಲೈವುಡ್ ಮೇಲಿನ ನಂಬಿಕೆ ಜಾಸ್ತಿ ಅಪಾಯ ತರುವುದು ಇಲ್ಲೇ. ಕಚೇರಿಯ ಮಹಡಿಯನ್ನು ಸಾಮಾನ್ಯವಾಗಿ ಚದರ ಮೀಟರಿಗೆ 250 ಕೆಜಿ, ಅಥವಾ ಅದಕ್ಕಿಂತ ಸ್ವಲ್ಪ ಹೆಚ್ಚು ಬಳಕೆಯ ಭಾರಕ್ಕೆ ಲೆಕ್ಕ ಹಾಕಿ ಕಟ್ಟಿರುತ್ತಾರೆ. ಸಿಸರ್ ಲಿಫ್ಟು, ಅದರ ಮೇಲೆ ಇಬ್ಬರು ಕೆಲಸಗಾರರು, ಅವರ ಸಲಕರಣೆ ಎಲ್ಲ ಸೇರಿ 1,700 ಕೆಜಿ ಚಿಲ್ಲರೆ. ಅದು ನಿಲ್ಲುವ ಜಾಗ ಒಂದೂವರೆ ಚದರ ಮೀಟರ್ ಕೂಡ ಇಲ್ಲ. ಹಾಗಂತ ತಕ್ಷಣ ಕುಸಿಯುತ್ತದೆ ಎಂದಲ್ಲ. ಸುತ್ತಲ ಖಾಲಿ ಜಾಗವೂ ಭಾರ ಹಂಚಿಕೊಳ್ಳುತ್ತದೆ. ಎಷ್ಟು ಹಂಚಿಕೊಳ್ಳುತ್ತದೆ ಎನ್ನುವುದು ಕಂಬಗಳ ನಡುವಿನ ದೂರ, ಸ್ಲ್ಯಾಬಿನ ದಪ್ಪ, ಒಳಗಿನ ಕಂಬಿ, ಈಗಾಗಲೇ ಅಲ್ಲಿರುವ ಸಾಮಾನು ಇವುಗಳ ಮೇಲೆ ನಿಂತಿದೆ. ಇದನ್ನು ಸ್ಟ್ರಕ್ಚರಲ್ ಎಂಜಿನಿಯರ್ ಲೆಕ್ಕ ಹಾಕಿ ಹೇಳಬೇಕು. ಬೇರೆ ಯಾರ ಅನುಭವದ ಮಾತೂ ಇಲ್ಲಿ ಸಾಲದು. ಪ್ಲೈವುಡ್ ಹಾಸಿದರೆ ಟೈಲ್ಸ್ ಉಳಿಯಬಹುದು, ಸ್ಲ್ಯಾಬು ಹೊರುವ ಭಾರ ಹಾಗೇ ಇರುತ್ತದೆ. ಒಂದು ದೊಡ್ಡ ಹಾಳೆಯ ತೂಕವೇ ಸುಮಾರು 30 ಕೆಜಿ, ಅದೂ ಸೇರುತ್ತದೆ.

ಕೆಳಗಿನ ಮಹಡಿಯಿಂದ ಜಾಕಿ ಕಂಬ ಕೊಟ್ಟು ಆಸರೆ ಮಾಡುವುದುಂಟು. ಒಳ್ಳೆಯ ಉಪಾಯವೇ. ಆದರೆ ಆ ಕಂಬ ಭಾರವನ್ನು ಕೆಳಗಿನ ಸ್ಲ್ಯಾಬಿಗೆ ದಾಟಿಸುತ್ತದೆ. ಅದಕ್ಕೂ ತಡೆಯುವ ಶಕ್ತಿ ಇಲ್ಲದಿದ್ದರೆ ಅದರ ಕೆಳಗೂ ಕಂಬ ಬೇಕು, ಹೀಗೆ ಗಟ್ಟಿ ನೆಲ ಸಿಗುವವರೆಗೂ.

ಡಾಂಬರು, ಇಂಟರ್‌ಲಾಕ್, ಟೈಲ್ಸ್

ಡಾಂಬರಿನ ಗುಣ ಬಿಸಿಲಿನೊಂದಿಗೆ ಬದಲಾಗುತ್ತದೆ. ಬಿರುಬಿಸಿಲಿಗೆ ಕಪ್ಪು ಮೇಲ್ಮೈ 60 ಡಿಗ್ರಿ ಸೆಲ್ಸಿಯಸ್ ಕೂಡ ದಾಟುತ್ತದೆ, ಡಾಂಬರು ಮೆತ್ತಗಾಗುತ್ತದೆ. ಓಡುವ ಲಾರಿಗೆ ಜಗ್ಗದ ರಸ್ತೆ ನಿಂತ ಯಂತ್ರದ ಕಾಲಿಗೆ ಬಗ್ಗುವುದು ಇದಕ್ಕೇ. ಭಾರ ಎಷ್ಟು ಹೊತ್ತು ಕೂತಿರುತ್ತದೆ ಎನ್ನುವುದು ಇಲ್ಲಿ ಭಾರದಷ್ಟೇ ಮುಖ್ಯ. ಬೆಳಗಿನ ತಂಪಿನಲ್ಲಿ ಕೆಲಸ ಮುಗಿಸಿದರೆ ಅರ್ಧ ಸಮಸ್ಯೆ ಇರುವುದಿಲ್ಲ. ಹೊಸದಾಗಿ ಹಾಕಿದ ಡಾಂಬರು ಪೂರ್ತಿ ಗಟ್ಟಿಯಾಗಲು ತಿಂಗಳುಗಳೇ ಬೇಕು. ಡೀಸೆಲ್ ಚೆಲ್ಲಿದರೆ ಡಾಂಬರನ್ನೇ ಕರಗಿಸುತ್ತದೆ, ಜಲ್ಲಿ ಉದುರಲು ಶುರುವಾಗುತ್ತದೆ.

ಇಂಟರ್‌ಲಾಕ್ ಕಲ್ಲುಗಳು ತೆಳು ಮರಳಿನ ಹಾಸಿನ ಮೇಲೆ ಕೂತಿರುತ್ತವೆ. ಜನ ಓಡಾಡುವ ಜಾಗಕ್ಕೆ 60 ಮಿಲಿಮೀಟರ್ ದಪ್ಪದವು, ವಾಹನ ಓಡಾಡುವ ಜಾಗಕ್ಕೆ 80 ಮಿಲಿಮೀಟರಿನವು ರೂಢಿ. ಮೇಲಿಂದ ಎರಡೂ ಒಂದೇ ಥರ ಕಾಣುತ್ತವೆ. ಅಂಚಿನ ಒಂದು ಕಲ್ಲು ಎತ್ತಿ ನೋಡಿದರೆ ದಪ್ಪವೂ ತಿಳಿಯುತ್ತದೆ, ಕೆಳಗೆ ಬರಿ ಮಣ್ಣಿದೆಯೋ ಜಲ್ಲಿ ಹಾಸು ಇದೆಯೋ ಅದೂ ತಿಳಿಯುತ್ತದೆ. ಹೊಸ ಕಾಂಕ್ರೀಟಿನ ವಿಷಯದಲ್ಲಿ ಅವಸರ ಬೇಡ. 7 ದಿನಕ್ಕೆ ಅದಕ್ಕೆ ಬರುವುದು 28 ದಿನದ ಬಲದ ಮೂರರಲ್ಲಿ ಎರಡು ಭಾಗದಷ್ಟು ಮಾತ್ರ.

ಟೈಲ್ಸ್ ಒಡೆಯುವುದು ಅದರ ಕೆಳಗೆ ಗಾರೆ ತುಂಬದೆ ಟೊಳ್ಳು ಉಳಿದ ಕಡೆ. ಯಂತ್ರ ಹೋಗುವ ದಾರಿಯುದ್ದಕ್ಕೂ ಮರದ ತುಂಡಿನಿಂದ ಮೆಲ್ಲಗೆ ತಟ್ಟುತ್ತಾ ಹೋಗಿ. ಗಟ್ಟಿ ಕೂತ ಟೈಲ್ಸ್ ಮಂದ ಸದ್ದು ಕೊಡುತ್ತದೆ, ಟೊಳ್ಳಿದ್ದರೆ ಖಾಲಿ ಡಬ್ಬ ಬಡಿದ ಸದ್ದು. ಅಂಥ ಕಡೆ ಬಣ್ಣದ ಟೇಪಿನ ಗುರುತು ಹಾಕಿ ದಾರಿ ಬದಲಿಸಿ. ಅಮೃತಶಿಲೆಗೆ ಒಡೆಯುವ ಭಯಕ್ಕಿಂತ ಕಲೆಯ ಭಯ ಜಾಸ್ತಿ. ಒದ್ದೆ ಪ್ಲೈವುಡ್ಡಿನ ಬಣ್ಣ ಅದರೊಳಗೆ ಇಳಿಯುತ್ತದೆ. ಬ್ಯಾಟರಿಯ ಆಸಿಡ್ ಒಂದು ಹನಿ ಬಿದ್ದರೂ ಹೊಳಪು ತಿಂದುಹಾಕುತ್ತದೆ. ವಿನೈಲ್ ನೆಲಕ್ಕೆ ರಬ್ಬರ್ ಮ್ಯಾಟ್ ಹಾಕಬಾರದು, ರಬ್ಬರಿನಿಂದ ಹೊರಬರುವ ರಾಸಾಯನಿಕ ಹಳದಿ ಕಲೆ ಮಾಡುತ್ತದೆ, ಅದು ಹೋಗುವುದಿಲ್ಲ. ಗುರುತು ಬೀಳದ ಬಿಳಿ ಟೈರುಗಳಲ್ಲಿ ಕಪ್ಪು ಇಂಗಾಲದ ಪುಡಿ ಇರುವುದಿಲ್ಲ, ಅದರಿಂದ ಕಪ್ಪು ಗೆರೆ ಬೀಳುವುದಿಲ್ಲ. ಆದರೆ ಅವೂ ಭಾರವನ್ನು ಹಾಗೇ ಇಳಿಸುತ್ತವೆ. ಬಿಳಿ ಟೈರ್ ಇದೆ ಎಂದು ಟೊಳ್ಳು ಟೈಲ್ಸ್ ಉಳಿಯುವುದಿಲ್ಲ.

ಹಾಸುವುದರಲ್ಲೂ ಒಂದು ಕ್ರಮ ಇದೆ

ಅಗಲ ಇದ್ದರೆ ಸಾಲದು, ಮ್ಯಾಟ್ ಬಾಗದಷ್ಟು ಬಿಗಿಯಾಗಿರಬೇಕು. ಬಾಗಿದರೆ ಅದರ ಅಂಚು ಮೇಲೇಳುತ್ತದೆ, ಭಾರವೆಲ್ಲ ನಡುವಿನ ಚೂರು ಜಾಗಕ್ಕೇ ಬೀಳುತ್ತದೆ. ದಪ್ಪ ಎರಡರಷ್ಟಾದರೆ ಬಲ ನಾಲ್ಕರಷ್ಟು, ಬಿಗಿ ಎಂಟರಷ್ಟು ಆಗುತ್ತದೆ. ನಮ್ಮ 22.5 ಟನ್ ಕಾಲಿನ ಕೆಳಗೆ 18 ಮಿಲಿಮೀಟರ್ ಪ್ಲೈವುಡ್ ಎಷ್ಟೇ ಅಗಲದ್ದು ಹಾಕಿದರೂ ಮುರಿದೇ ಹೋಗುತ್ತದೆ. 15 ಸೆಂಟಿಮೀಟರ್ ದಪ್ಪದ ಗಟ್ಟಿಮರದ ತೊಲೆಗಳನ್ನು ಬೋಲ್ಟ್ ಹಾಕಿ ಕೂಡಿಸಿದ ಮ್ಯಾಟ್ ಅದೇ ಭಾರವನ್ನು ಆರಾಮಾಗಿ ಹರಡುತ್ತದೆ. ಬಿಡಿ ತೊಲೆಗಳನ್ನು ಪಕ್ಕಪಕ್ಕ ಇಟ್ಟರೆ ಭಾರ ಉದ್ದಕ್ಕೆ ಮಾತ್ರ ಹರಡುತ್ತದೆ. ಅಡ್ಡಕ್ಕೂ ಹರಡಬೇಕಾದರೆ ಮೇಲೆ ಇನ್ನೊಂದು ಪದರ ಅಡ್ಡವಾಗಿ ಬರಬೇಕು.

ಕಬ್ಬಿಣದ ಪ್ಲೇಟ್ ತೆಳ್ಳಗಿದ್ದೂ ಬಲ ಕೊಡುತ್ತದೆ. ಒಂದೂವರೆ ಮೀಟರ್ ಚೌಕದ, 25 ಮಿಲಿಮೀಟರ್ ದಪ್ಪದ ಪ್ಲೇಟ್ 440 ಕೆಜಿ ತೂಗುತ್ತದೆ. ಅದನ್ನು ಇಡುವುದಕ್ಕೇ ಯಂತ್ರ ಬೇಕು, ಇಡುವಾಗ ಅದರ ಅಂಚು ನೆಲವನ್ನು ಕೆತ್ತಬಹುದು. ಕೆಳಗೆ ದಪ್ಪ ಬಟ್ಟೆಯಂಥ ಜಿಯೋಟೆಕ್ಸ್‌ಟೈಲ್ ಹಾಸಿದರೆ ಗೀರೂ ಬೀಳುವುದಿಲ್ಲ, ಜಾರುವುದೂ ಇಲ್ಲ. ಪಾಲಿಥೀನ್ ಪ್ಯಾಡ್‌ಗಳು ಹಗುರ, ನೀರು ಕುಡಿಯುವುದಿಲ್ಲ. ಆದರೆ ದೊಡ್ಡ ಪ್ಯಾಡ್ ಬೇಗ ಬಾಗುತ್ತದೆ, ತಯಾರಕರು ಹೇಳಿದ ಮಿತಿ ದಾಟಬಾರದು.

ಚಕ್ರದ ಯಂತ್ರಕ್ಕೆ ಪ್ಲೈವುಡ್ ಖಂಡಿತ ಕೆಲಸ ಮಾಡುತ್ತದೆ. 50 ಚದರ ಸೆಂಟಿಮೀಟರಿನ ಚಕ್ರದ ಗುರುತು 18 ಮಿಲಿಮೀಟರ್ ಪ್ಲೈವುಡ್ ದಾಟಿ ಕೆಳಗೆ ಬರುವಷ್ಟರಲ್ಲಿ ಎರಡು ಪಟ್ಟಿಗಿಂತ ಜಾಸ್ತಿ ಅಗಲವಾಗಿರುತ್ತದೆ. ಎರಡು ಪದರ ಹಾಸಿ, ಮೇಲಿನ ಪದರದ ಸಂದು ಕೆಳಗಿನದರ ಸಂದಿನ ಮೇಲೆ ಬರದಂತೆ ನೋಡಿಕೊಂಡರೆ ಇನ್ನೂ ಒಳ್ಳೆಯದು. ಹಾಸುವ ಮೊದಲು ನೆಲ ಗುಡಿಸುವುದನ್ನು ಮಾತ್ರ ಯಾರೂ ಬಿಡಬಾರದು. ಪ್ಲೈವುಡ್ ಕೆಳಗೆ ಸಿಕ್ಕ ಕಡಲೆಕಾಳಿನಷ್ಟು ಜಲ್ಲಿ ಚೂರಿನ ಮೇಲೆ 650 ಕೆಜಿಯ ಚಕ್ರ ಹತ್ತಿದರೆ ಆ ಭಾರದ ಬಹುಪಾಲು ಆ ಚೂರಿನ ತುದಿಯಿಂದಲೇ ಟೈಲ್ಸಿಗೆ ಇಳಿಯುತ್ತದೆ. ಮೇಲಿಂದ ನೋಡಿದರೆ ಎಲ್ಲ ಸರಿ ಇದ್ದಂತೆ ಕಾಣುತ್ತದೆ. ಹಾಳೆ ಎತ್ತಿದಾಗ ನಕ್ಷತ್ರದ ಆಕಾರದ ಸೀಳು. ಮೊದಲು ಗುಡಿಸಿ, ನಂತರ ಮೆತ್ತನೆಯ ಕಾಗದವೋ ಬಟ್ಟೆಯೋ ಹಾಸಿ, ಅದರ ಮೇಲೆ ಪ್ಲೈವುಡ್ ಇಡಬೇಕು. ಟೇಪನ್ನು ಹಾಳೆಯಿಂದ ಹಾಳೆಗೆ ಅಂಟಿಸಿ, ನೆಲಕ್ಕೆ ಬೇಡ. ತೆಗೆಯುವಾಗ ಅದರ ಅಂಟು ಪಾಲಿಶನ್ನೂ ಎಬ್ಬಿಸಬಹುದು.

ಯಂತ್ರ ನಿಲ್ಲುವ ಜಾಗಕ್ಕೆ ಮಾತ್ರ ಹಾಸಿ, ಬರುವ ದಾರಿಯನ್ನು ಸುಮ್ನೆ ಬಿಟ್ಟರೆ ಅರ್ಧ ಕೆಲಸ ಆದಂತೆ. ಬಾಗಿಲಿನ ಹೊಸ್ತಿಲು, ಜಾಯಿಂಟುಗಳು, ತಿರುವುಗಳು ಹೆಚ್ಚು ಏಟು ತಿನ್ನುತ್ತವೆ. ಗಟ್ಟಿ ಚಿಕ್ಕ ಚಕ್ರ ಜಾಯಿಂಟ್ ದಾಟುವಾಗ ಅದರ ಅಂಚನ್ನು ಕುಟ್ಟಿ ಚಕ್ಕೆ ಎಬ್ಬಿಸುತ್ತದೆ, ಅಲ್ಲಿಗೆ ಪ್ಲೇಟ್ ಬೇಕು. ನಿಂತಲ್ಲೇ ಚಕ್ರ ತಿರುಗಿಸುವುದನ್ನು ಆಪರೇಟರ್ ಬಿಟ್ಟರೆ ಉಳಿಯುವ ನೆಲ ಎಷ್ಟೋ. ಸ್ವಲ್ಪ ಮುಂದೆ ಹೋಗುತ್ತಾ ತಿರುಗಿಸಿದರೆ ರಬ್ಬರ್ ನೆಲವನ್ನು ಉಜ್ಜುವುದಿಲ್ಲ. ರಬ್ಬರ್ ಪಟ್ಟಿಯ ಮೇಲೆ ಓಡುವ, ನಿಲ್ಲುವಾಗ ಜೇಡದಂತೆ ಕಾಲು ಚಾಚುವ ಸ್ಪೈಡರ್ ಲಿಫ್ಟ್ ಓಡುವಾಗ ನೆಲಕ್ಕೆ ಹಗುರ. ಕಾಲು ಊರಿ ನಿಂತ ಮೇಲೆ ಅದೂ ನಾಲ್ಕು ಚುಕ್ಕೆಗಳ ಮೇಲೆ ಭಾರ ಇಳಿಸುತ್ತದೆ.

ಕಾಲು ಮ್ಯಾಟಿನ ನಟ್ಟನಡುವೆ ಕೂರಬೇಕು, ಮ್ಯಾಟ್ ಕೆಳಗೆ ಎಲ್ಲೂ ಸಂದು ಇರಬಾರದು. ಸಾಮಾನನ್ನು ನೆಲದಿಂದ ಒಂದು ಗೇಣು ಎತ್ತಿ, ಅಲ್ಲೇ ತಡೆದು, ನಾಲ್ಕೂ ಕಾಲುಗಳನ್ನು ಸುತ್ತಿ ನೋಡಬೇಕು. ಕ್ರೇನಿನ ವಾಲು ಶೇಕಡ 1ರ ಒಳಗಿರಬೇಕು ಎನ್ನುವುದು ಸಾಮಾನ್ಯ ಮಿತಿ. ಕಾಲುಗಳ ನಡುವೆ 6 ಮೀಟರ್ ಅಂತರ ಇದೆ, ಒಂದು ಬದಿ 5 ಸೆಂಟಿಮೀಟರ್ ಇಳಿಯಿತು ಎಂದುಕೊಳ್ಳಿ. 30 ಮೀಟರ್ ಎತ್ತರದ ಬೂಮಿನ ತುದಿ 25 ಸೆಂಟಿಮೀಟರ್ ಪಕ್ಕಕ್ಕೆ ಸರಿದಿರುತ್ತದೆ. ಭಾರ ದೂರ ಹೋದಷ್ಟೂ ಅದೇ ಕಾಲಿನ ಮೇಲೆ ಒತ್ತಡ ಏರುತ್ತದೆ, ಅದು ಇನ್ನೂ ಇಳಿಯುತ್ತದೆ. ಬೆರಳಿನ ಅಗಲದಷ್ಟು ಇಳಿದದ್ದು ಕಂಡರೂ ಸಾಮಾನು ಕೆಳಗಿಟ್ಟು ಮ್ಯಾಟ್ ಸರಿ ಮಾಡಬೇಕು. ನಡುವೆ ಮಳೆ ಬಂದರೆ ಬೆಳಗಿನ ಪರೀಕ್ಷೆಗೆ ಬೆಲೆ ಇಲ್ಲ, ಒದ್ದೆ ಮಣ್ಣು ಬೇರೆಯೇ ಮಣ್ಣು. ಮತ್ತೆ ನೋಡಬೇಕು.

ಯಂತ್ರ ಬರುವ ಮೊದಲು ದಾರಿಯ ಮತ್ತು ನಿಲ್ಲುವ ಜಾಗದ ಫೋಟೋ ತೆಗೆದಿಡಿ. ಹಳೆಯ ಬಿರುಕು ಯಾವುದು, ಹೊಸದು ಯಾವುದು ಎಂಬ ಜಗಳ ಬರುವುದಿಲ್ಲ. ಹೈಡ್ರಾಲಿಕ್ ಹೋಸುಗಳ ಕೆಳಗೆ ಎಣ್ಣೆ ಹೀರುವ ಹಾಸು ಇರಲಿ. ಕೆಲಸ ಮುಗಿದ ದಿನವೇ ಮ್ಯಾಟು, ಪ್ಲೈವುಡ್ ಎತ್ತಿಬಿಡಿ. ಮರದ ನೆಲದ ಮೇಲೆ, ಕಲ್ಲಿನ ಮೇಲೆ ರಾತ್ರಿಯೆಲ್ಲ ಬಿಟ್ಟರೆ ಕೆಳಗೆ ಕೂಡಿದ ತೇವ ಕಲೆ ಮಾಡುತ್ತದೆ, ಹುಲ್ಲಿನ ಮೇಲೆ ದಿನಗಟ್ಟಲೆ ಬಿಟ್ಟರೆ ಅದು ಹಳದಿಯಾಗುತ್ತದೆ. ಎತ್ತಿದ ಮೇಲೆ ಟೈಲ್ಸನ್ನು ಇನ್ನೊಮ್ಮೆ ತಟ್ಟಿ ನೋಡಿ, ಸದ್ದು ಬದಲಾಗಿದ್ದರೆ ಅಲ್ಲಿ ಗಾರೆ ಬಿಟ್ಟಿದೆ. ಆಪರೇಟರ್ ಇನ್ನೂ ಅಲ್ಲೇ ಇರುವಾಗ ಅವರ ಎದುರೇ ಅದನ್ನು ಗುರುತು ಮಾಡಿಸಿ.